ಲೆಕ್ಕದಲ್ಲಿ ಹುಟ್ಟಿದ ಇಪ್ಪತ್ನಾಲ್ಕು ಮಂದಿ

ಫ್ಲೋರೆಸ್ ದ್ವೀಪದ ವಾತುಲೆಮಾ ಊರಿನ ಮುಖ್ಯಸ್ಥ ಕೊರ್ನೆಲಿಸ್ ಭಾನುವಾರ ಚರ್ಚಿನ ಅಂಗಳದಲ್ಲಿ ಎದೆಯುಬ್ಬಿಸಿ ಸಾರಿಬಿಟ್ಟಿದ್ದ: ಹತ್ತು ವರ್ಷದಲ್ಲಿ ಊರು ಎಂಟುನೂರರಿಂದ ಸಾವಿರಕ್ಕೇರಿದೆ, ಅಂದರೆ ನೂರಕ್ಕೆ ಇಪ್ಪತ್ತೈದು, ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಎರಡೂವರೆ. ಹೊಸ ನೀರಿನ ಟ್ಯಾಂಕಿನ ಅರ್ಜಿಯಲ್ಲೂ ಅದನ್ನೇ ಬರೆಸಿದ್ದ.

ಆ ಅರ್ಜಿ ಜಿಲ್ಲೆಯ ಅಂಕಿಅಂಶ ಕಚೇರಿಯಲ್ಲಿ ಬಂದು ಬಿದ್ದದ್ದು ಅವನ ಅಕ್ಕನ ಮಗಳು ಯುಲಿತಾಳ ಮೇಜಿಗೆ. ತಾಯಿ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವನು ಈ ಸೋದರಮಾವ. ತಪ್ಪೆಂದು ಕಾಗದ ವಾಪಸು ಕಳಿಸಲು ಅವಳಿಗೆ ಕೈ ಬರಲಿಲ್ಲ. ತಾನೇ ಬಸ್ಸು ಹತ್ತಿದಳು.

"ಮಾವ, ನಿಮ್ಮ ಎರಡೂವರೆ ಹಿಡಿದು ಹೋದ್ರೆ ಊರಲ್ಲಿ ಈಗ ಸಾವಿರದ ಇಪ್ಪತ್ನಾಲ್ಕು ಜನ ಇರ್ಬೇಕಿತ್ತು. ಆ ಇಪ್ಪತ್ನಾಲ್ಕು ಜನ ಯಾರ ಮನೇಲಿ ಮಲಗ್ತಾರೆ?"

"ಭಾಗಾಕಾರ ನನಗೆ ಬರಲ್ವೇನೇ? ಮೂಗು ಒರೆಸ್ಕೊಳ್ಳೋದು ನಿನಗೆ ಕಲಿಸಿದ್ದೇ ನಾನು!" ಎಂದು ಸಿಡುಕಿ ಅವನು ಹಂದಿಗೂಡಿನ ಕಡೆ ನಡೆದ. ಅವಳೂ ಹಿಂದೆಯೇ ಹೋದಳು.

"ಈ ತಾಯಿಹಂದಿ ಮರಿ ಹಾಕುತ್ತೆ. ದೊಡ್ಡವಾದ ಮೇಲೆ ಆ ಮರಿಗಳು ಸುಮ್ನೆ ಕೂತಿರ್ತಾವಾ?"

"ಅದ್ಯಾಕೆ ಕೂತಿರ್ತಾವೆ? ಅವೂ ಹಾಕ್ತಾವೆ."

"ಜನಾನೂ ಹಾಗೇ ಮಾವ. ಈ ವರ್ಷ ಹೆಚ್ಚಾದವರು ಮುಂದಿನ ವರ್ಷದ ಬುಡಕ್ಕೆ ಸೇರ್ತಾರೆ. ಬುಡ ವರ್ಷವರ್ಷವೂ ದಪ್ಪ ಆಗ್ತಾ ಹೋಗುತ್ತೆ. ಅದಕ್ಕೇ ಸಾವಿರ ಮುಟ್ಟೋಕೆ ಎರಡೂವರೆ ಬೇಕಾಗಿಲ್ಲ, ಎರಡೂಕಾಲರ ಮೇಲೆ ಒಂದು ಚೂರು ಇದ್ರೆ ಸಾಕು."

ಕೊರ್ನೆಲಿಸ್ ಬಗ್ಗಿ ಹಂದಿಯ ಬೆನ್ನು ಕೆರೆದ. ಆಮೇಲೆ ಮೆಲ್ಲಗೆ, "ನಿಮ್ಮತ್ತೆಗೆ ಹೇಳ್ಬೇಡ," ಎಂದ.

ಮುಂದಿನ ಭಾನುವಾರ ಯುಲಿತಾ ಚರ್ಚಿನ ಕೊನೆಯ ಸಾಲಿನಲ್ಲಿ ಮುದುರಿ ಕೂತಿದ್ದಳು. ಲೆಕ್ಕ ತಿದ್ದಿದರೆ ಸಾಕು, ವಿಷಯ ಎತ್ತುವುದೇ ಬೇಡ ಎಂದು ಮಾವನಿಗೆ ಹೇಳಿದ್ದಳು. ಆದರೆ ಪ್ರಾರ್ಥನೆ ಮುಗಿದದ್ದೇ ಅವನು ಎದ್ದು ನಿಂತ.

"ಹೋದ ವಾರ ನಾನು ಈ ಊರಿಗೆ ಇಪ್ಪತ್ನಾಲ್ಕು ಜನರನ್ನ ಸುಮ್ಸುಮ್ನೆ ಹುಟ್ಟಿಸಿಬಿಟ್ಟಿದ್ದೆ!"

"ಯಾರ ಜೊತೆ?" ಹೆಂಗಸರ ಸಾಲಿನಿಂದ ಅವನ ಹೆಂಡತಿ ಬೆರ್ನಾ ಕೂಗಿದಳು.

ಚರ್ಚೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕೊರ್ನೆಲಿಸನೇ. ನಗು ಇಳಿದ ಮೇಲೆ ಅವನು ಕೈಚಾಚಿ ತೋರಿಸಿದ: "ತಪ್ಪು ಹಿಡಿದದ್ದು ನಮ್ಮ ಯುಲಿತಾ. ನಾನು ಸಾಕಿದ ಹುಡುಗಿ!" ಹೋದ ವಾರಕ್ಕಿಂತಲೂ ಅವನ ಎದೆ ಹೆಚ್ಚು ಉಬ್ಬಿತ್ತು. ಯುಲಿತಾ ಕಣ್ಣೊರೆಸಿಕೊಂಡಳು.

ತಿದ್ದಿದ ಲೆಕ್ಕದಂತೆ ಇನ್ನು ಹತ್ತು ವರ್ಷಕ್ಕೆ ಸಾವಿರದ ಇನ್ನೂರೈವತ್ತು ಮಂದಿಗೆ ನೀರು ಬೇಕೆಂದು ಹೊಸ ಅರ್ಜಿ ಹೋಯಿತು. ಟ್ಯಾಂಕು ಮಂಜೂರಾಯಿತು.