ಮೈಕಿಗೆ ಸಿಕ್ಕ ಮಾತು

ಅಕ್ಕ ಬೆಳಗಿನಿಂದ ಕೂತಲ್ಲಿ ಕೂತಿಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ. ನಡುವೆ ನನ್ನ ಎಡಿಟಿಂಗ್ ಮೇಜು ಅಡ್ಡ ಬರುತ್ತೆ. ಪ್ರತಿ ಸಲ ಅದರ ಮೂಲೆಗೆ ಸೊಂಟ ತಗುಲಿಸಿಕೊಂಡು ಮೇಜನ್ನೇ ಬೈತಾಳೆ.

“ಕಳಿಸೋಣ್ವಾ, ಬೇಡ್ವಾ? ನೀನೇ ಹೇಳು.”

“ಕಳಿಸೋಣ” ಅಂದರೆ “ಏನು ನೋಡಿ ಕಳಿಸ್ಲಿ?” ಅಂತಾಳೆ. “ಬೇಡ ಬಿಡು” ಅಂದರೆ “ನಿನಗೇನು, ಸಿನಿಮಾ ನಂದಲ್ವಾ” ಅಂತಾಳೆ. ಇಂಥವಳ ಜೊತೆ ಏಗೋದು ಹೇಗೆ? ಚಿತ್ರ ಕಳಿಸೋಕೆ ಇವತ್ತು ಸಂಜೆಯೇ ಕೊನೆ. ದೊಡ್ಡ ಚಿತ್ರೋತ್ಸವ, ಕಾಲೇಜಿನ ಕಾಲದಿಂದ ಅವಳು ಅದರದ್ದೇ ಕನಸು ಕಂಡಿದ್ದು. ಒಮ್ಮೆ ಬೇಡ ಅಂದ ಚಿತ್ರವನ್ನ ಅವರು ಮತ್ತೆ ನೋಡಲ್ಲ. ಅದಕ್ಕೇ ಈ ಒದ್ದಾಟ.

ಚಿತ್ರ ನಮ್ಮಮ್ಮನ ಬಗ್ಗೆ. ಮನೆಯ ಕೆಳಗೇ ಅವಳ ಅಂಗಡಿ. ಬೀಗ ರಿಪೇರಿ ಮಾಡ್ತಾಳೆ, ಡೂಪ್ಲಿಕೇಟ್ ಕೀ ಮಾಡಿಕೊಡ್ತಾಳೆ, ಕೀ ಕಳಕೊಂಡವರ ಮನೆ ಬಾಗಿಲು ತೆಗೆದುಕೊಡ್ತಾಳೆ. ಅಪ್ಪ ಹೋದ ಮೇಲೆ ಕಲಿತ ಕೆಲಸ. ಅಕ್ಕ ನಿರ್ದೇಶಕಿ, ನಾನು ಎಡಿಟರ್. ಅಮ್ಮ ಚೆನ್ನಾಗಿ ಕಾಣ್ತಾಳೆ, ಕೀ ಉಜ್ಜುವಾಗ ಕಿಡಿ ಹಾರುತ್ತೆ, ಬೆಳಕೂ ಚೆನ್ನಾಗಿದೆ.

“ಎಲ್ಲಾ ಇದೆ, ಜೀವ ಇಲ್ಲ,” ಅಂತ ಅಕ್ಕ ಕುರ್ಚಿಗೆ ಕುಸಿದಳು. “ಬೇಡ. ಕಳಿಸಲ್ಲ. ಮುಖಕ್ಕೆ ಹೊಡೆಸಿಕೊಳ್ಳೋದಕ್ಕಿಂತ ಸುಮ್ಮನಿರೋದು ವಾಸಿ.”

ಜೀವ ಎಲ್ಲಿದೆ ಅಂತ ನನಗೆ ಗೊತ್ತಿತ್ತು. ನನ್ನ ಕಸಿವಿಸಿಯೇ ಅದು.

ಒಂದು ಮಧ್ಯಾಹ್ನ ಕ್ಯಾಮೆರಾ ನಿಲ್ಲಿಸಿ ಎಲ್ಲರೂ ಊಟಕ್ಕೆ ಹೋಗಿದ್ದರು. ಅಮ್ಮನ ಅಂಗಡಿ ಕೋಟಿನ ಕಾಲರಿಗೆ ಸಿಕ್ಕಿಸಿದ್ದ ಮೈಕ್ ಮಾತ್ರ ಆಫ್ ಮಾಡೋದು ಮರೆತಿದ್ದರು. ಪಕ್ಕದ ಜೆರಾಕ್ಸ್ ಅಂಗಡಿಯವಳ ಜೊತೆ ಅಮ್ಮ ಹೊಡೆದ ಹರಟೆಯೆಲ್ಲಾ ರೆಕಾರ್ಡ್ ಆಗಿದೆ. “ದೊಡ್ಡೋಳನ್ನ ಬೇಕು ಅಂತಾನೇ ಹೆತ್ತೆ. ಒಂದೇ ಸಾಕಾಗಿತ್ತು, ಚಿಕ್ಕೋಳು ಬೇಡವಾಗಿತ್ತು ಕಣೇ. ತೆಗೆಸಿಬಿಡೋಣ ಅಂತ ಡಾಕ್ಟ್ರ ಹತ್ರ ಹೋದೆ, ಬಾಗಿಲಿಗೆ ಬೀಗ. ಆಗ ನನಗೆ ಬೀಗ ತೆಗೆಯೋ ವಿದ್ಯೆ ಬರ್ತಿರ್ಲಿಲ್ಲ ನೋಡು.” ಇಬ್ಬರೂ ನಗ್ತಾರೆ. ಆಮೇಲೆ ಜೆರಾಕ್ಸ್ ಅಂಗಡಿಯವಳು ಚಮಚ ಕೇಳ್ತಾಳೆ.

ಚಿಕ್ಕೋಳು ಅಂದರೆ ನಾನು.

ಹೆಡ್‌ಫೋನಿನಲ್ಲಿ ಕೇಳಿದಾಗ ಮೊದಲು ಅನಿಸಿದ್ದು, ಎಷ್ಟು ಚೊಕ್ಕ ಸೌಂಡು ಅಂತ. ಎಡಿಟರ್ ಬುದ್ಧಿ ಎಲ್ಲಿ ಹೋಗುತ್ತೆ. ಆಮೇಲೆ ಅಮ್ಮನ ಮೇಲೆ ಕೋಪ ಬಂತು, ಅಳುವೂ ಬಂತು. ಯಾರ ಹತ್ರಾನೂ ಬಾಯಿ ಬಿಡಲಿಲ್ಲ. ಕಂಡಕಂಡವರ ಮುಂದೆ ಬೇಡದ ಮಗಳು ಅನಿಸಿಕೊಳ್ಳೋಕೆ ನನಗೇನು ಹುಚ್ಚಾ?

ಆದರೆ ಈಗ ಅಕ್ಕ ಅಳೋಕೆ ಶುರು ಮಾಡಿದಳು. ಅವಳು ಅತ್ತರೆ ನನಗೆ ನೋಡೋಕಾಗಲ್ಲ, ಮೂಗು ಟೊಮೇಟೊ ಆಗುತ್ತೆ. ತಡಿ ಅಂತ ಹೇಳಿ, ಅಮ್ಮ ಅಂಗಡಿಯ ಷಟರ್ ಎಳೆಯೋ ಶಾಟಿಗೆ ಆ ಮಾತು ಕೂರಿಸಿ ತೋರಿಸಿದೆ.

ಅಕ್ಕನ ಮುಖ ಮೊದಲು ಅರಳಿತು. ಆಮೇಲೆ ನನ್ನ ಕಡೆ ತಿರುಗಿತು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದನ್ನ ಗಮನಿಸಿದೆ. ಬೈಯೋ ಹಾಗೂ ಇಲ್ಲ, ನಂದೂ ಅದೇ ಕಥೆ ತಾನೇ.

“ಬೇಡ, ತೆಗಿ,” ಅಂದಳು. ದನಿಯಲ್ಲಿ ಜೋರಿರಲಿಲ್ಲ.

ಅಷ್ಟರಲ್ಲಿ ಅಮ್ಮ ಟೀ ಕುಡಿಯೋಕೆ ಮೇಲೆ ಬಂದಳು, ಕೈತುಂಬಾ ಹಿತ್ತಾಳೆ ಪುಡಿ. ನನಗೆ ತಲೆ ಕೆಟ್ಟಿತ್ತು. “ಬಾಮ್ಮ, ನಿನ್ನ ಘನಂದಾರಿ ಮಾತು ಕೇಳು,” ಅಂತ ಮತ್ತೆ ಹಾಕಿದೆ.

ಅಮ್ಮ ನಿಂತೇ ಕೇಳಿದಳು. “ಮೈಕ್ ಆಫ್ ಆಗಿರ್ಲಿಲ್ವಾ?” ಅಂದಳು. “ನಡೆದಿದ್ದೇ ತಾನೇ. ಹಾಕ್ಕೊಳ್ಳಿ, ನನ್ನದೇನೂ ತಕರಾರಿಲ್ಲ. ಇವಳು ಒಪ್ಪಬೇಕು ಅಷ್ಟೆ.”

“ನಾನು ಬೇಡವಾಗಿದ್ನಾ?” ಅಂತ ಕೇಳಿಯೇಬಿಟ್ಟೆ.

“ನೀನಾ? ನೀನು ಅಂತ ನನಗೆ ಆಗ ಹೇಗೆ ಗೊತ್ತಿರುತ್ತೆ? ಬೇಡವಾಗಿದ್ದು ಇನ್ನೊಂದು ಮಗು. ಬಂದಿದ್ದು ನೀನು ಅಂತ ಆಮೇಲೆ ತಾನೇ ಗೊತ್ತಾಗಿದ್ದು. ಮೊದಲೇ ಗೊತ್ತಿದ್ದಿದ್ರೆ ಆ ಬೀದಿಗೇ ಕಾಲಿಡ್ತಿರ್ಲಿಲ್ಲ.” ನನ್ನ ಕೆನ್ನೆ ಮುಟ್ಟೋಕೆ ಬಂದವಳು, ಕೈ ಗಲೀಜು ಅಂತ ಮೊಣಕೈಯಿಂದ ಭುಜ ತಿವಿದಳು.

ಅಕ್ಕ ಆಗಲೇ ಮೈಕ್ ಹುಡುಕಿ ತಂದಿದ್ದಳು. “ಅಮ್ಮಾ, ಇದನ್ನೇ ಇನ್ನೊಂದ್ಸಲ ಹೇಳು. ಇದರಲ್ಲೇ ಚಿತ್ರ ಮುಗಿಸೋಣ. ಕೇಳಿದವರೆಲ್ಲಾ ಅಳ್ತಾರೆ.” ಅಮ್ಮ ಪಾಪ, ಕೂದಲು ಸರಿಮಾಡಿಕೊಂಡು ಕೂತೇಬಿಟ್ಟಳು.

ನಾನು ಮೈಕ್ ಕಿತ್ತುಕೊಂಡು ಡ್ರಾಯರಿಗೆ ಹಾಕಿದೆ. “ಇದು ಬೇಡ. ಮೊದಲನೇ ಮಾತೇ ಚಿತ್ರದಲ್ಲಿರಲಿ.”

“ಲೇ, ಬರೀ ಅದನ್ನ ಕೇಳಿದವರು ಏನಂದ್ಕೋತಾರೆ ನಿನ್ನ ಬಗ್ಗೆ?” ಅಂದಳು ಅಕ್ಕ.

“ಏನಾದರೂ ಅಂದ್ಕೊಳ್ಳಲಿ. ಅದನ್ನ ಅಮ್ಮ ಜೆರಾಕ್ಸ್ ಅಂಗಡಿಯವಳಿಗೆ ಹೇಳಿದ್ದು, ಬೇಕಾದ್ರೆ ಊರಿಗೆಲ್ಲಾ ಕೇಳಿಸು. ಇದು ನನಗೆ ಹೇಳಿದ್ದು.”

ಕಳಿಸೋ ಬಟನ್ ನಾನೇ ಒತ್ತಿದೆ.