ಸುಣ್ಣದಲ್ಲಿ ಬರೆದ ಊರು

ಶಿವಲಕ್ಷ್ಮಿ ಬರೆದ ನಕ್ಷೆಯನ್ನು ಹೆಡ್‌ಮಾಸ್ಟರು ಗೋಡೆಯಿಂದ ಕಿತ್ತದ್ದು ಶುಕ್ರವಾರ ಮಧ್ಯಾಹ್ನ. ಮರುದಿನವೇ ಪ್ರದರ್ಶನ, ಹೆತ್ತವರೆಲ್ಲ ಬರುವ ದಿನ. ‘ನಮ್ಮ ಮಣ್ಣಿನ ಚರಿತ್ರೆ’ ಎಂದು ಒಂಬತ್ತನೇ ಕ್ಲಾಸಿಗೆ ವಿಷಯ ಕೊಟ್ಟವಳು ನಾನೇ. ಮೇಚೇರಿಯಿಂದ ಕಾವೇರಿ ಡ್ಯಾಮಿನ ಕಡೆ ಹೋಗುವ ದಾರಿಯಲ್ಲಿರುವ ಈ ತಮಿಳು ಶಾಲೆಯಲ್ಲಿ ನಾನು ಸಮಾಜ ಪಾಠದ ತಾತ್ಕಾಲಿಕ ಟೀಚರು. ಮುಂದಿನ ವರ್ಷವೂ ಇರುತ್ತೇನೋ ಇಲ್ಲವೋ, ಅದು ಹೆಡ್‌ಮಾಸ್ಟರ ಕೈಯಲ್ಲಿತ್ತು.

ನಕ್ಷೆ ಹುಟ್ಟಿದ್ದು ಒಂದು ಜಗಳದಿಂದ. ಟೀವಿಯಲ್ಲಿ ಕಾವೇರಿ ನೀರಿನ ಗಲಾಟೆ ಬಂದಾಗಲೆಲ್ಲ ಪಳನಿ ಹಿಂದಿನ ಬೆಂಚಿನಿಂದ ಕೂಗುತ್ತಿದ್ದ. “ಏಯ್ ಕನ್ನಡಕ್ಕಾರಿ, ನಿಮ್ಮ ಮಾಮನಿಗೆ ಫೋನ್ ಹಾಕು! ತಣ್ಣಿ ಬಿಡೋಕೆ ಹೇಳು!”

ಕುರಿ ಸಾಕುವವರ ಮನೆಯ ಶಿವಲಕ್ಷ್ಮಿ ತಲೆ ತಗ್ಗಿಸಿ ಕೂರುತ್ತಿದ್ದಳು. ಒಂದು ದಿನ ಮಾತ್ರ ಎದ್ದು ನಿಂತಳು. “ತಣ್ಣೀನಾ? ನಿಮ್ ತಣ್ಣಿ ನಮ್ಮೂರ್ ಮ್ಯಾಲೇ ನಿಂತೈತೆ ಕಣ್ಲಾ!”

ಡ್ಯಾಮು ಕಟ್ಟಿದಾಗ ಮುಳುಗಿದ ಊರು ಅದು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಅವರ ಮನೆಯವರು ಕುರಿಗಳನ್ನು ಆ ತಳದ ಹುಲ್ಲಿಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಈಗ ಮೋಟುಗೋಡೆಯೂ ಇಲ್ಲ. ಆದರೂ “ಮಂದೇನ ಗುಡಿ ಬೀದಿಗೆ ತಿರುಗ್ಸು”, “ಕುಂಬಾರ್ ಬೀದೀಲಿ ಕೆಸರೈತೆ, ಓಗ್ಬ್ಯಾಡ” ಎಂದೇ ಅವರ ಮಾತು. ಆ ಬೀದಿಗಳನ್ನೇ ಅವಳು ಹಾಳೆಯ ಮೇಲೆ ಎಳೆದಿದ್ದಳು.

“ನೀರಿನ ಗಲಾಟೆ ಉರಿಯುವಾಗ ಇದೇನು ಟೀಚರ್?” ಹೆಡ್‌ಮಾಸ್ಟರು ಗೋವಿಂದರಾಜ್ ಹಾಳೆಯನ್ನು ಸುತ್ತುತ್ತಾ ಕೇಳಿದರು. “ಸಿಲಬಸ್ಸಿನಲ್ಲಿದೆಯಾ? ಡ್ಯಾಮಿನ ಪ್ರಯೋಜನ ಬರೆಸಿ. ಗೋಡೆ ಮೇಲೆ ಇದು ಬೇಡ.”

“ಸರಿ ಸಾರ್” ಎಂದೆ. ನನ್ನ ಬಾಯಿಗೆ ಮೊದಲು ಬರುವ ಮಾತೇ ಅದು.

ಹೊರಗೆ ಶಿವಲಕ್ಷ್ಮಿ ಕಾಯುತ್ತಿದ್ದಳು. ಅಳಲಿಲ್ಲ. ಖಾಲಿ ಗೋಡೆಯನ್ನು ನೋಡುತ್ತಿದ್ದಳು, ಅಷ್ಟೇ. ಅವಳ ಹಿಂದೆ ಆಟದ ಸಾಮಾನಿನ ಕೋಣೆ, ಅದರ ಬಾಗಿಲಲ್ಲಿ ಕಬಡ್ಡಿ ಗೆರೆ ಎಳೆಯುವ ಸುಣ್ಣದ ಪುಡಿಯ ಮೂಟೆ. ಅದನ್ನು ನೋಡುತ್ತಾ ನಿಂತೆ. ಹೆಡ್‌ಮಾಸ್ಟರು ಬೇಡವೆಂದದ್ದು ಗೋಡೆಯ ಮೇಲೆ ತಾನೆ?

“ನಿಮ್ಮಜ್ಜಿ ನಾಳೆ ಬೇಗ ಬರ್ತಾರಾ?” ಎಂದೆ. ಕನ್ನಡದಲ್ಲಿ.

ಅವಳು ಬಾಯಿ ತೆರೆದವಳು ಹಾಗೇ ನಿಂತಳು. “ಟೀಚರ್… ನೀವೂ ನಮ್ಮೋರಾ?”

ಸೇಲಂನ ನಮ್ಮ ಮನೆಯಲ್ಲಿ ಕನ್ನಡ ಬಾಗಿಲು ದಾಟುವುದಿಲ್ಲ. ಶಾಲೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ದೊಡ್ಡಕ್ಕ ಕುರಿ ಕಾಯುವ ಕೋಲಿನ ಸಮೇತ ಬಂದರು. ಊರೆಲ್ಲ ಶಿವಲಕ್ಷ್ಮಿಯ ಅಜ್ಜಿಯನ್ನು ಕರೆಯುವುದು ಹಾಗೆಯೇ. ಅವರು ಕೋಲು ತೋರಿದ ಕಡೆ ನಾನು ಶಾಲೆಯ ಅಂಗಳದ ತುಂಬ ಸುಣ್ಣ ಸುರಿಯುತ್ತಾ ಹೋದೆ.

“ಅಯ್ಯ, ಏನಮ್ಮ ಇಂಗೆ ನೆಟ್ಟಗೆ ಎಳೀತೀಯ? ನಮ್ ಬೀದಿ ಏನು ಇಸ್ಕೂಲ್ ಸ್ಕೇಲಾ? ಡೊಂಕು ಬುಡು!”

ಬೀದಿಗಳು ಡೊಂಕಾದವು. ಬಾವಿ ಬಂತು, ಗುಡಿ ಬಂತು. ಹೆತ್ತವರು ಬರುವ ಹೊತ್ತಿಗೆ ಅಂಗಳದಲ್ಲಿ ಒಂದು ಊರು ಬಿಳಿಯಾಗಿ ಹರಡಿತ್ತು. ಗೋಡೆಯ ಚಾರ್ಟುಗಳನ್ನು ಬಿಟ್ಟು ಜನ ಅದರೊಳಗೇ ನಡೆದಾಡತೊಡಗಿದರು.

“ಏಯ್ ಪಳನಿ, ಬಾ ಇಲ್ಲಿ,” ದೊಡ್ಡಕ್ಕ ಕೋಲು ಕುಟ್ಟಿದರು. “ಇದು ಕುಂಬಾರ್ ಬೀದಿ. ನಿಮ್ ತಾತನ್ ಅಪ್ಪ ಇಲ್ಲೇ ಮಡಿಕೆ ಸುಡ್ತಿದ್ದ, ತಮಿಳಲ್ಲೇ ಬೈಕಂಡು. ಈಗ ಯಾವ ಮಾಮನ್ಗೆ ಪೋನ್ ಆಕ್ತೀಯೋ ಆಕಪ್ಪ.”

ಜನ ನಕ್ಕರು. ಪಳನಿ ಕೆಂಪಾದ. ಆದರೆ ಗೆರೆ ದಾಟಿ ಆಚೆ ಹೋಗಲಿಲ್ಲ.

ಆಗ ಹೆಡ್‌ಮಾಸ್ಟರು ಧಾವಿಸಿ ಬಂದರು. “ಇದಕ್ಕೆಲ್ಲ ಪರ್ಮಿಷನ್ ಕೊಟ್ಟಿದ್ದು ಯಾರು?”

“ಅಯ್ಯಯ್ಯೋ ಸಾರ್, ಸೆರುಪ್ಪು!” ದೊಡ್ಡಕ್ಕ ಕಿರುಚಿದರು. “ಕೋಯಿಲ್ ಒಳಗೆ ನಿಂತಿದೀರಾ!”

ಹೆಡ್‌ಮಾಸ್ಟರು ಬೆಂಕಿ ತುಳಿದವರಂತೆ ಗುಡಿಯ ಗೆರೆಯಿಂದ ಹಿಂದೆ ಸರಿದು ಚಪ್ಪಲಿ ಕಳಚಿಟ್ಟರು. ಸುಣ್ಣದ ಗೆರೆಯ ಮುಂದೆ ನಿಂತಿದ್ದ ತಮ್ಮ ಬರಿಗಾಲನ್ನು ಅವರೇ ನೋಡಿಕೊಂಡರು. ಮುಖ ಬಿಗಿಯಿತು.

“ಅಳಿಸಿ ಟೀಚರ್.”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಸುಣ್ಣದ ಬಕೆಟ್ಟಿತ್ತು. ‘ಸರಿ ಸಾರ್’ ನಾಲಿಗೆಯ ತುದಿಯಲ್ಲೇ ಇತ್ತು.

“ಇಲ್ಲ ಸಾರ್.”

“ಏನಂದಿರಿ?”

“ಗೋಡೆ ಮೇಲೆ ಬೇಡ ಅಂದ್ರಿ, ಗೋಡೆ ಮೇಲಿಲ್ಲ. ಈ ಮಣ್ಣಿನ ಚರಿತ್ರೆ ಕೇಳಿದ್ದೆ, ಈ ಹುಡುಗಿ ತಂದಳು. ನಾನು ಅಳಿಸಲ್ಲ.”

“ನಿಮಗ್ಯಾಕಮ್ಮ ಇವರ ಉಸಾಬರಿ?”

“ನಾನೂ ಕನ್ನಡದವಳೇ ಸಾರ್.”

ಅವರು ಚಪ್ಪಲಿಯನ್ನು ಕೈಯಲ್ಲಿ ಹಿಡಿದರು. “ಮುಂದಿನ ವರ್ಷದ ಮಾತು ಆಮೇಲೆ ನೋಡೋಣ” ಎಂದು, ಗುಡಿಯನ್ನು ಬಳಸಿಕೊಂಡು ತಮ್ಮ ರೂಮಿಗೆ ಹೋದರು.

ಸೋಮವಾರ ಪ್ರಾರ್ಥನೆಗೆ ಬಂದಾಗ ಸುಣ್ಣ ಅಲ್ಲಲ್ಲಿ ಮಾಸಿತ್ತು. ಮಕ್ಕಳು ಬೀದಿಗಳಲ್ಲೇ ಸಾಲು ನಿಂತಿದ್ದರು. ಗುಡಿಯ ಜಾಗದಲ್ಲಿ ಒಬ್ಬರೂ ಇರಲಿಲ್ಲ. ಹೆಡ್‌ಮಾಸ್ಟರು ವರಾಂಡದಿಂದ ನೋಡುತ್ತಿದ್ದರು. ನಾನು ಆಟದ ಕೋಣೆಗೆ ಹೋಗಿ ಬಕೆಟ್ಟು ತುಂಬಿಕೊಂಡು ಬಂದೆ. ಅವರ ಕಣ್ಣೆದುರೇ ಬಗ್ಗಿ, ಕುಂಬಾರ ಬೀದಿಯಿಂದ ಶುರು ಮಾಡಿ, ಮಾಸಿದ ಗೆರೆಗಳನ್ನೆಲ್ಲ ಮತ್ತೆ ಎಳೆದೆ. ಡೊಂಕಾಗಿಯೇ.