ಸುಮ್ಮನಿದ್ದರೆ ಹೋಗುವ ಲೈನು

"ಮತ್ತೆ ಹೋಯ್ತು ಕಣೇ," ಎಂದರು ಅತ್ತೆ.

ತಾವು ಏನನ್ನೂ ಮುಟ್ಟಿಲ್ಲ ಎಂದು ತೋರಿಸುವಂತೆ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಲ್ಯಾಪ್‌ಟಾಪಿನ ಮೂಲೆಯಲ್ಲಿ ವೈಫೈ ಗುರುತಿನ ಮೇಲೆ ಅಡ್ಡಗೆರೆ ಬಿದ್ದಿತ್ತು, ಚದುರಂಗದ ಹಾಸು ಮಂಕಾಗಿತ್ತು. ಸೊಸೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು ವೈಫೈ ಮತ್ತೆ ಹಿಡಿಸುವಷ್ಟರಲ್ಲಿ ಆಟ ಅತ್ತೆಯ ತಮ್ಮನ ಪಾಲಾಗಿತ್ತು. ಆಡುವವರು ನಡುವೆ ಮಾಯವಾದರೆ ಎದುರಿನವರಿಗೆ ಗೆಲುವು, ಆ ಸೈಟಿನ ನಿಯಮವೇ ಹಾಗೆ.

ಗೆದ್ದವನು ಖುಷಿಯಲ್ಲೇನೂ ಇರಲಿಲ್ಲ. ಹಾಸಿನ ಪಕ್ಕ, ಮಾತು ಬರೆಯುವ ಜಾಗದಲ್ಲಿ ಅವನ ಸಾಲುಗಳು ಕಾದಿದ್ದವು. "ಅಕ್ಕಾ, ನೀನು ಸೋಲೋ ಹಾಗಾದಾಗ್ಲೆಲ್ಲ ಲೈನ್ ಹೋಗುತ್ತೆ. ಚಿಕ್ಕೋಳಿದ್ದಾಗ ಹಾಸೇ ಮಗುಚ್ತಿದ್ದೆ, ಈಗ ಇದು. ಇನ್ನೊಂದ್ಸಲ ಹೀಗಾದ್ರೆ ನಾನು ಆಡಲ್ಲ."

ಅತ್ತೆ ಆಸ್ಪತ್ರೆಯಲ್ಲಿ ಹಿರಿಯ ನರ್ಸಾಗಿದ್ದವರು, ಡಾಕ್ಟರುಗಳನ್ನೇ ಗದರಿಸಿಕೊಂಡು ಕೆಲಸ ಮಾಡಿದವರು. ಅಂಥವರ ಮುಖ ಇಷ್ಟೇ ಇಷ್ಟಾಯಿತು. ತಮ್ಮ ಇರುವುದು ದೂರದ ಊರಿನಲ್ಲಿ; ಕಿವಿ ಪೂರ್ತಿ ಕೇಳಿಸುವುದಿಲ್ಲ, ಫೋನು ಮಾಡಿ ಪ್ರಯೋಜನವಿಲ್ಲ. ಸುಮ್ಮಸುಮ್ಮನೆ ಕ್ಷೇಮ ವಿಚಾರಿಸಿ ಮೆಸೇಜು ಬರೆಯುವ ಜಾಯಮಾನ ಇಬ್ಬರದೂ ಅಲ್ಲ. ಬರೆಯುವ ಮಾತೆಲ್ಲ ಆಟದ ನಡುವೆಯೇ: ಒಂಟೆ ನಡೆಸುತ್ತ ಮಂಡಿನೋವಿನ ಮಾತು, ಆನೆ ಕಳೆದುಕೊಂಡು ಸೊಸೆಯರ ಮಾತು. ಆಟ ನಿಂತರೆ ಅಕ್ಕತಮ್ಮಂದಿರ ಮಾತೂ ನಿಂತ ಹಾಗೆಯೇ.

"ನೀನು ಕೂತಾಗ ನೆಟ್ಟಗಿರತ್ತೆ, ನಾನು ಕೂತ್ರೆ ಸಾಯತ್ತೆ. ನನ್ನ ಕೈಗುಣ ಒಳ್ಳೇದು ಅಂತ ರೋಗಿಗಳು ಹುಡುಕ್ಕೊಂಡು ಬರ್ತಿದ್ರು, ಮಾರಾಯ್ತಿ!"

ಸೊಸೆ ನಗಲಿಲ್ಲ. ಆಫೀಸಿನವರು ಬೇಡವೆಂದು ಬಿಟ್ಟ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಟ್ಟವಳು ಅವಳೇ. ಅದರ ವೈಫೈ ಕಾರ್ಡ್ ತಯಾರಿಸಿದವರಿಗೆ ಲಿನಕ್ಸಿನ ಗೊಡವೆಯೇ ಇರಲಿಲ್ಲ. ಕಾರ್ಡಿನ ಭಾಷೆಯನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವ ಡ್ರೈವರ್ ಎಂಬ ತಂತ್ರಾಂಶವನ್ನು ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಬರೆದಿದ್ದರು. ಅವಳು ಅದನ್ನು ಕಿತ್ತು ಮತ್ತೆ ಹಾಕಿದ್ದಳು, ಹೊಸದನ್ನು ತಂದು ಹಾಕಿದ್ದಳು. ಪ್ರತಿ ಸಲವೂ ಪರೀಕ್ಷೆಗೆಂದು ಒಂದು ಸಿನಿಮಾ ಹಚ್ಚಿ ಕೂತರೆ ಅದು ಒಮ್ಮೆಯೂ ನಿಲ್ಲದೆ ಕೊನೆಯ ತನಕ ಓಡುತ್ತಿತ್ತು. ಅವಳಿಗೂ ಒಳಗೊಳಗೇ ಅತ್ತೆಯ ಮೇಲೆ ಅನುಮಾನ ಶುರುವಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಂತೆ. ತಮ್ಮನಿಗೆ ಸೋಲುವುದೆಂದರೆ ಅತ್ತೆಗೆ ಆಗದು ಎಂಬುದು ಮನೆಗೆಲ್ಲ ಗೊತ್ತಿದ್ದ ಸಂಗತಿ.

"ಯಾರ ಜೊತೆಗಾದ್ರೂ ಒಂದಾಟ ಆಡಿ. ನಾನು ಪಕ್ಕದಲ್ಲೇ ಕೂತು ನೋಡ್ತೀನಿ," ಎಂದಳು.

ಯಾರೋ ಅಪರಿಚಿತನೊಂದಿಗೆ ಆಟ ಶುರುವಾಯಿತು. ಕಂಪ್ಯೂಟರು ತನ್ನೊಳಗೆ ನಡೆದದ್ದನ್ನೆಲ್ಲ ಬರೆದುಕೊಳ್ಳುವ ಕಪ್ಪು ಕಿಟಕಿಯನ್ನು ಸೊಸೆ ಹಾಸಿನ ಪಕ್ಕದಲ್ಲಿ ತೆರೆದಿಟ್ಟಳು. ಅತ್ತೆ ಪಟಪಟನೆ ಆಡಿದರು; ಲೈನು ಗಟ್ಟಿಯಾಗಿತ್ತು. ಆಮೇಲೆ ಆ ಅಪರಿಚಿತ ಕುದುರೆ ಹಾರಿಸಿ ರಾಣಿಯನ್ನು ಸಿಕ್ಕಿಸಿದ. ಅತ್ತೆ ಬೆರಳನ್ನು ತುಟಿಗೆ ಒತ್ತಿಕೊಂಡು ಯೋಚನೆಗೆ ಇಳಿದರು. ಸೊಸೆ ಅವರ ಕೈಗಳನ್ನೇ ನೋಡುತ್ತಿದ್ದಳು. ಕಪ್ಪು ಕಿಟಕಿಯಲ್ಲಿ ಸಾಲೊಂದು ಮೂಡಿತು, ವೈಫೈ ಹೋಯಿತು.

"ನೀವು ಏನೂ ಮಾಡ್ಲಿಲ್ಲ!"

"ಅದನ್ನೇ ಅಲ್ವಾ ನಾನು ಬಡ್ಕೋತಿರೋದು?"

"ಅಲ್ಲ ಅತ್ತೆ, ಏನೂ ಮಾಡದೇ ಇದ್ದಿದ್ದಕ್ಕೇ ಅದು ಹೋಗಿರೋದು!"

ಅವಳಿಗೆ ಕುತೂಹಲದಿಂದ ಕೂತಲ್ಲಿ ಕೂರಲಾಗಲಿಲ್ಲ. ಮತ್ತೆ ಲೈನು ಹಿಡಿಸಿ, ಸಿನಿಮಾ ಹಚ್ಚಿದಳು, ಇತ್ತು. ನಿಲ್ಲಿಸಿ, ಇಬ್ಬರೂ ಕೈಕಟ್ಟಿ ಕೂತರು, ಹೋಯಿತು. ಇನ್ನೊಮ್ಮೆ ನೋಡಿದಳು, ಹಾಗೇ ಆಯಿತು. ಬ್ಯಾಟರಿ ಉಳಿಸಲೆಂದು, ಕೆಲಸವಿಲ್ಲದಾಗ ಕಾರ್ಡು ಜೊಂಪಿಗೆ ಜಾರುತ್ತಿತ್ತು. ಅದನ್ನು ಎಬ್ಬಿಸುವುದು ಡ್ರೈವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಸಿನಿಮಾ ಓಡುವಾಗ ಮಲಗಲು ಪುರುಸೊತ್ತೇ ಇಲ್ಲ, ಹಾಗಾಗಿ ಅವಳ ಪರೀಕ್ಷೆಯಲ್ಲಿ ಅದು ಯಾವತ್ತೂ ಸಿಕ್ಕಿಬಿದ್ದಿರಲಿಲ್ಲ.

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. "ಗೆಲ್ಲೋವಾಗ ಬೇಗ ಬೇಗ ಆಡ್ತೀನಿ. ಸಿಕ್ಕಿಹಾಕ್ಕೊಂಡಾಗ ತಾನೇ ಯೋಚನೆ ಮಾಡೋದು? ಹಾಗಾದ್ರೆ ಅವನು ಹೇಳಿದ್ದೂ ಸುಳ್ಳಲ್ಲ ನೋಡು, ಸೋಲೋವಾಗ್ಲೇ ಹೋಗೋದು."

ಸೊಸೆಗೆ ಅನುಮಾನಪಟ್ಟದ್ದು ನೆನಪಾಗಿ ನಾಚಿಕೆಯಾಯಿತು.

"ಡ್ಯೂಟೀಲಿ ತೂಕಡಿಸೋರನ್ನ ಬೇಕಾದಷ್ಟು ನೋಡಿದೀನಿ," ಎಂದರು ಅತ್ತೆ. "ಇದಕ್ಕೆ ಮಲಗೋದೇ ಬೇಡ ಅಂತ ಹೇಳಕ್ಕಾಗಲ್ವಾ?"

ಹೇಳಬಹುದಿತ್ತು. ಒಂದೇ ಸಾಲಿನ ಆಜ್ಞೆ, ಸೊಸೆ ಆಗಲೇ ಕೊಟ್ಟಳು. ಆದರೆ ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪು ಆರಿಸಿ ಹಚ್ಚಿದ್ದೇ ತಡ ಕಾರ್ಡು ಕಲಿತದ್ದನ್ನೆಲ್ಲ ಮರೆತು ಮತ್ತೆ ಮಲಗಿತು. ಸೊಸೆ ಆಫೀಸಿಗೆ ತಡವಾಗಿ ಹೋದರೂ ಚಿಂತೆಯಿಲ್ಲವೆಂದು ಕೂತು, ಪ್ರತಿ ಸಲ ಹಚ್ಚಿದಾಗಲೂ ಆ ಆಜ್ಞೆ ತಾನಾಗಿ ಓಡುವ ಹಾಗೆ ಮಾಡಿಟ್ಟಳು. ಅತ್ತೆ ಅಂದು ಮೂರು ಸಲ ಅದನ್ನು ಆರಿಸಿ ಹಚ್ಚಿ, ಎದುರಿಗೆ ಸುಮ್ಮನೆ ಕೂತು ನೋಡಿದರು.

ಸಂಜೆ ತಮ್ಮ ಸೈಟಿಗೆ ಬಂದ. "ಕೊನೇ ಸಲ," ಎಂದು ಬರೆದು ಆಟ ಶುರುಮಾಡಿದ. ಕಾರ್ಡಿನ ನಿದ್ದೆಯ ಕತೆಯನ್ನು ಅತ್ತೆ ಬರೆದರೆ, "ಒಳ್ಳೇ ನೆಪ," ಎಂದ. ಅವರಿಗೆ ಸಿಟ್ಟು ಬಂತು, ಸಿಟ್ಟಿನಲ್ಲಿ ಒಂದು ಆನೆ ಹೋಯಿತು. ಆನೆ ಹೋದ ಮೇಲೆ ರಾಜನ ಸುತ್ತಲಿನ ಬೇಲಿ ಒಂದೊಂದಾಗಿ ಕಳಚಿತು. ಅತ್ತೆ ಬೆರಳನ್ನು ತುಟಿಗೆ ಒತ್ತಿಕೊಂಡರು.

ಯೋಚನೆ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಸೊಸೆ ಹಾಸನ್ನು ಬಿಟ್ಟು ಮೂಲೆಯ ಗುರುತನ್ನೇ ನೋಡುತ್ತಿದ್ದಳು. ಅದು ಅಲುಗಲಿಲ್ಲ. ಇದೊಂದು ಸಲ ಹೋಗಿಬಿಟ್ಟರೂ ಒಳ್ಳೆಯದೇನೋ ಎಂದು ಅವಳಿಗೇ ಅನ್ನಿಸಿತು, ಅತ್ತೆಯ ಮುಖ ಹಾಗಿತ್ತು.

"ಲೈನ್ ಹೋಯ್ತಾ ಅಕ್ಕಾ?" ಎಂದು ತಮ್ಮ ಬರೆದ.

ಅತ್ತೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. "ಇಲ್ಲ ಕಣೋ. ಇಲ್ಲೇ ಇದೀನಿ. ಸೋತೆ."

ಆ ಕಡೆಯಿಂದ ಏನೂ ಬರಲಿಲ್ಲ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಹಾಕಿಕೊಂಡರು, ಸೊಸೆಯ ಕಡೆ ತಿರುಗಿದರು. ಸೊಸೆ ಗುರುತು ನೋಡಿ, ಲೈನು ಇದೆ ಎಂದು ತಲೆಯಾಡಿಸಿದಳು. ತಮ್ಮನೇ ಸುಮ್ಮನಿದ್ದ. ಇಬ್ಬರೂ ಕಾದರು. ಬಹಳ ಹೊತ್ತಾದ ಮೇಲೆ ಪರದೆಯ ಮೇಲೆ ತಮ್ಮ ಹೂಡಿದ ಹೊಸ ಹಾಸೊಂದು ತೆರೆದುಕೊಂಡಿತು. ಮೊದಲು ನಡೆಯುವ ಬಿಳಿಕಾಯಿಗಳು ಅತ್ತೆಯ ಕಡೆಗಿದ್ದವು.